ಶನಿವಾರದ ಜಡೆ, ಭಾನುವಾರದ ಚರ್ಚು

ಪ್ರಶ್ನೆ: ಮೇಡಂ, ನಾನು ಶಿರಸಿಯವಳು. ಹದಿನಾಲ್ಕು ವರ್ಷದಿಂದ ಅಟ್ಲಾಂಟಾ ಹತ್ತಿರ ಇದ್ದೇನೆ. ನನ್ನ ಗಂಡ ಬ್ಲ್ಯಾಕ್ ಅಮೆರಿಕನ್. ಮಗಳಿಗೆ ಒಂಬತ್ತು ವರ್ಷ. ಅವಳ ಶಾಲೆಯಲ್ಲಿ ಬಿಳಿಯರು, ಭಾರತೀಯರು, ಚೀನಾದವರೇ ಜಾಸ್ತಿ. ತರಗತಿಯಲ್ಲಿ ಕಪ್ಪು ಮಗು ಅಂತ ಇರುವುದು ಇವಳೊಬ್ಬಳೇ. ಹೋದ ತಿಂಗಳು ಪರಿಚಯದವರ ಗೃಹಪ್ರವೇಶಕ್ಕೆ ಹೋಗಿದ್ದೆವು. ಅಲ್ಲಿ ಒಬ್ಬರು ಅವಳ ಎದುರಿಗೇ ‘ಬಣ್ಣ ಅಪ್ಪಂದೇ ಬಂದ್ಬಿಟ್ಟಿದೆ, ಪಾಪ’ ಅಂದರು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಅವತ್ತಿನಿಂದ ಕೂದಲು ನೇರ ಮಾಡಿಸು ಅಂತ ಹಟ ಹಿಡಿದಿದ್ದಾಳೆ. ನನ್ನ ಗಂಡ ಬೇರೆಯೇ ಹೇಳುತ್ತಾರೆ. ಶನಿವಾರ ಕಪ್ಪು ಹೆಂಗಸರು ಜಡೆ ಹಾಕಿಸಿಕೊಳ್ಳುವ ಅಂಗಡಿ, ಭಾನುವಾರ ಅತ್ತೆಯ ಚರ್ಚು, ರಜೆಯಲ್ಲಿ ಕಪ್ಪು ಮಕ್ಕಳಿಗೆಂದೇ ಇರುವ ಶಿಬಿರ, ಹೀಗೆ ಶುರು ಮಾಡೋಣ ಅಂತ. ನನಗೆ ಒಪ್ಪಿಗೆಯಾಗುತ್ತಿಲ್ಲ. ಎಲ್ಲರ ಜೊತೆ ಬೆರೆಯಬೇಕಾದ ವಯಸ್ಸಿನಲ್ಲಿ ಒಂದು ಗುಂಪಿಗೆ ಕಟ್ಟಿಹಾಕಿದ ಹಾಗಾಗಲ್ವಾ? ಆಮೇಲೆ ನನ್ನ ಪಾಲಿನ ಕನ್ನಡ ಅವಳಲ್ಲಿ ಉಳಿಯುತ್ತಾ? ಇನ್ನೊಂದು ಚಿಕ್ಕ ಪ್ರಶ್ನೆ. ಆ ಜಡೆ ಅಂಗಡಿಯೊಳಗೆ ನಾನು ಕೂರಬಹುದಾ, ಇಲ್ಲ ಕಾರಲ್ಲೇ ಕಾಯಬೇಕಾ?

ಉತ್ತರ: ನಿಮ್ಮ ಪತ್ರ ಓದುವಾಗ ನಾನು ನಿಂತಿದ್ದು ‘ಪಾಪ’ ಅನ್ನುವ ಪದದ ಹತ್ತಿರ. ಅದನ್ನು ಆಡಿದವರು ಬೈಯಲಿಲ್ಲ. ಕನಿಕರ ತೋರಿಸಿದರು. ಬೈದಿದ್ದರೆ ಮಗು ಅತ್ತು ಮರೆಯುತ್ತಿತ್ತೇನೋ. ಕನಿಕರ ಹಾಗಲ್ಲ, ಒಳಗೆ ಇಳಿದು ಕೂರುತ್ತದೆ. ನನ್ನಲ್ಲಿ ಏನೋ ಕೊರತೆ ಇದೆ, ಅದು ದೊಡ್ಡವರಿಗೆಲ್ಲ ಕಾಣುತ್ತಿದೆ ಅಂತ ಅವಳಿಗೆ ಅವತ್ತು ಗೊತ್ತಾಯಿತು. ಬಣ್ಣ ಬದಲಾಯಿಸಲು ಬರುವುದಿಲ್ಲ. ಕೂದಲನ್ನಾದರೂ ಬದಲಾಯಿಸೋಣ ಅಂತ ಹೊರಟಿದ್ದಾಳೆ, ಅಷ್ಟೇ.

ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿ ಅಮೆರಿಕದಲ್ಲಿ ಮಕ್ಕಳ ಮತ್ತು ಕುಟುಂಬಗಳ ಆಪ್ತಸಲಹೆ ಮಾಡುತ್ತಿದ್ದೇನೆ. ‘ಬೇರೆ ಕೂರುವುದು ಯಾಕೆ, ಎಲ್ಲರ ಜೊತೆ ಬೆರೆಯಬಾರದಾ’ ಅನ್ನುವ ನಿಮ್ಮ ಪ್ರಶ್ನೆ ಒಂದು ಕಾಲಕ್ಕೆ ನನ್ನದೂ ಆಗಿತ್ತು. ನಾನು ಮೊದಲು ಸೇರಿದ ಕಚೇರಿಯಲ್ಲಿ ಕಪ್ಪು ಸಹೋದ್ಯೋಗಿಗಳು ನಾಲ್ಕೈದು ಜನ ಮಧ್ಯಾಹ್ನದ ಊಟಕ್ಕೆ ಒಟ್ಟಿಗೇ ಕೂರುತ್ತಿದ್ದರು. ನನಗೆ ಅದು ಸ್ವಲ್ಪ ಬಿಗುಮಾನ ಅನ್ನಿಸುತ್ತಿತ್ತು. ಒಂದು ದಿನ ಅವರಲ್ಲೊಬ್ಬರನ್ನು ಕೇಳಿಯೇಬಿಟ್ಟೆ. ಆಕೆ ನಕ್ಕು ತಿರುಗಿ ಕೇಳಿದರು: ‘ನೀನು ದಿನಾ ಸಂಜೆ ಪಾರ್ಕಿಂಗ್ ಜಾಗದಲ್ಲಿ ನಿಂತು ಅಮ್ಮನ ಜೊತೆ ಫೋನಲ್ಲಿ ಮಾತಾಡ್ತೀಯಲ್ಲ, ಆಗ ನಿನ್ನ ಭುಜ ಹೇಗೆ ಇಳಿಯುತ್ತೆ ನೋಡಿಕೊಂಡಿದ್ದೀಯಾ?’ ನಾನು ನೋಡಿಕೊಂಡಿರಲಿಲ್ಲ. ಆದರೆ ಆಕೆ ಹೇಳಿದ್ದು ಸರಿಯಾಗಿತ್ತು.

ಈಗ ನಿಮ್ಮ ಮಗಳ ವಾರವನ್ನು ಒಮ್ಮೆ ಎಣಿಸಿ ನೋಡಿ. ಐದು ದಿನ ಶಾಲೆ, ಅದಾದ ಮೇಲೆ ಈಜು, ಪಿಯಾನೋ, ನೆರೆಯ ಮಕ್ಕಳ ಹುಟ್ಟುಹಬ್ಬ, ನಮ್ಮವರ ಪೂಜೆ. ಎಲ್ಲ ಕಡೆಯೂ ಅವಳು ಬೆರೆಯುತ್ತಲೇ ಇದ್ದಾಳೆ. ಬೆರೆಯುವ ಕೆಲಸ ಅಷ್ಟೂ ಅವಳ ತಲೆ ಮೇಲೇ ಬಿದ್ದಿದೆ. ಕೂದಲು ಮುಟ್ಟಿ ನೋಡಬಹುದಾ ಅಂತ ಕೇಳಿದರೆ ಉತ್ತರ ಕೊಡುವವಳು ಅವಳು. ಫೆಬ್ರವರಿಯಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು ಬಂದು ಗುಲಾಮಗಿರಿಯ ಪಾಠ ಶುರುವಾದರೆ ಇಡೀ ತರಗತಿ ತಿರುಗಿ ನೋಡುವುದೂ ಅವಳನ್ನೇ. ಒಂಬತ್ತು ವರ್ಷದ ಮಗು ಅಲ್ಲಿ ಒಂದು ಜನಾಂಗದ ಪ್ರತಿನಿಧಿ. ವಾರದಲ್ಲಿ ಐದಾರು ಗಂಟೆ ಆ ಕೆಲಸಕ್ಕೆ ರಜೆ ಕೊಡಿ ಅನ್ನುತ್ತಿದ್ದಾರೆ ನಿಮ್ಮ ಯಜಮಾನರು. ಕಟ್ಟಿಹಾಕುವ ಮಾತು ನನಗೆ ಅದರಲ್ಲಿ ಕಾಣುತ್ತಿಲ್ಲ.

ಬೆರೆತರೆ ತಾನಾಗೇ ಸರಿಹೋಗುತ್ತದೆ ಅನ್ನುವ ನಂಬಿಕೆಯನ್ನು ಅಲುಗಾಡಿಸಿದ ಒಂದು ಹಳೇ ಪ್ರಯೋಗವಿದೆ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಅಂತ ಗಂಡ ಹೆಂಡತಿ, ಇಬ್ಬರೂ ಮನಶ್ಶಾಸ್ತ್ರಜ್ಞರು, ಇಬ್ಬರೂ ಕಪ್ಪು ಜನರ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದವರು. 1940ರ ಆಸುಪಾಸಿನಲ್ಲಿ ಅವರು ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನಿಟ್ಟರು. ಬಣ್ಣ ಬಿಟ್ಟರೆ ಗೊಂಬೆಗಳಲ್ಲಿ ವ್ಯತ್ಯಾಸವಿರಲಿಲ್ಲ. ಯಾವುದರ ಜೊತೆ ಆಡುತ್ತೀಯ, ಯಾವುದು ಒಳ್ಳೆಯದು, ಯಾವುದು ಕೆಟ್ಟದಾಗಿ ಕಾಣುತ್ತದೆ ಅಂತ ಕೇಳಿದರು. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಆಡಲು ಬಿಳಿ ಗೊಂಬೆ ತೆಗೆದುಕೊಂಡರು. ಕೊನೆಗೆ ‘ಇದರಲ್ಲಿ ನಿನ್ನ ಹಾಗಿರೋದು ಯಾವುದು’ ಅಂತ ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟರು. 1954ರಲ್ಲಿ ಬಿಳಿ-ಕಪ್ಪು ಮಕ್ಕಳಿಗೆ ಬೇರೆ ಬೇರೆ ಶಾಲೆ ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಕೆಲಸವನ್ನೂ ನೆನೆಯಿತು.

ಇಷ್ಟು ಎಲ್ಲರಿಗೂ ಗೊತ್ತು. ಆ 253 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ದಕ್ಷಿಣದ ಆರ್ಕನ್ಸಾದ ಪ್ರತ್ಯೇಕ ಶಾಲೆಗಳವರು, ಉಳಿದವರು ಉತ್ತರದ ಮ್ಯಾಸಚೂಸೆಟ್ಸ್‌ನಲ್ಲಿ ಬಿಳಿ ಮಕ್ಕಳ ಜೊತೆ ಒಟ್ಟಿಗೆ ಓದುತ್ತಿದ್ದವರು ಅನ್ನುವುದನ್ನು ಮಾತ್ರ ಜನ ಮರೆಯುತ್ತಾರೆ. ಒಟ್ಟಿಗೆ ಓದುತ್ತಿದ್ದವರೂ ಬಿಳಿ ಗೊಂಬೆಯನ್ನೇ ಎತ್ತಿಕೊಂಡರು. ಹಾಗಂತ ಬೇರೆ ಬೇರೆ ಶಾಲೆಯೇ ಮೇಲು ಅಂತಲ್ಲ, ಖಂಡಿತ ಅಲ್ಲ. ಒಂದೇ ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಮಗು ತನ್ನನ್ನು ತಾನು ಇಷ್ಟಪಡಲು ಕಲಿಯುವುದಿಲ್ಲ ಅಂತ. ಕ್ಲಾರ್ಕ್ ದಂಪತಿ 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಕ್ಕಳಿಗೆ ಒಂದು ಕೇಂದ್ರ ತೆರೆದರು. ಕೋರ್ಟಿನಲ್ಲಿ ಬೆರೆಯುವುದಕ್ಕಾಗಿ ಹೋರಾಡಿದವರೇ ತಮ್ಮ ಬೀದಿಯಲ್ಲಿ ಮಕ್ಕಳಿಗೆ ತಮ್ಮದೇ ಜಾಗ ಮಾಡಿಕೊಟ್ಟರು. ಎರಡೂ ಬೇಕು ಅಂತ ಅವರಿಗೆ ಗೊತ್ತಿತ್ತು.

ನನ್ನ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬಂದಿರುವುದು ಮನಶ್ಶಾಸ್ತ್ರಜ್ಞ ರಾಬರ್ಟ್ ಸೆಲ್ಲರ್ಸ್ ಮತ್ತು ಅವರ ಜೊತೆಯವರು ಕಪ್ಪು ಗುರುತಿನ ಬಗ್ಗೆ 1998ರಲ್ಲಿ ಮಂಡಿಸಿದ ಒಂದು ವಿವರಣೆ. ಅದರಲ್ಲಿರುವ ಮೂರು ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ನಾನು ಕಪ್ಪು ಅನ್ನುವುದು ನನಗೆ ಎಷ್ಟು ಮುಖ್ಯ? ನಮ್ಮ ಜನದ ಬಗ್ಗೆ ನನಗೆ ಏನನ್ನಿಸುತ್ತದೆ? ಬೇರೆಯವರು ನಮ್ಮ ಬಗ್ಗೆ ಏನಂದುಕೊಂಡಿದ್ದಾರೆ ಅಂತ ನನಗನ್ನಿಸುತ್ತದೆ? ಮೂರೂ ಬೇರೆ ಬೇರೆ. ಮೂರನೆಯದು ನಿಮ್ಮ ಕೈಯಲ್ಲಿಲ್ಲ. ಗೃಹಪ್ರವೇಶದ ಮನೆಯಲ್ಲಿ ಅದಕ್ಕೆ ಉತ್ತರ ಸಿಕ್ಕಿಬಿಟ್ಟಿದೆ. ಎರಡನೆಯದು ನಿಮ್ಮ ಕೈಯಲ್ಲಿದೆ. ನಮ್ಮ ಜನ ಅಂದಾಗ ಒಳಗೆ ಬೆಚ್ಚಗಾಗುವ ಮಕ್ಕಳ ಮನಸ್ಸಿನ ಆರೋಗ್ಯ ಸಾಮಾನ್ಯವಾಗಿ ಚೆನ್ನಾಗಿರುತ್ತದೆ ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಎರಡನೆಯದು ಇಲ್ಲದೆ ಮೊದಲನೆಯದು ಮಾತ್ರ ಬೆಳೆದರೆ ಕಷ್ಟ. ಯಾರೋ ಚುಚ್ಚಿದಾಗೆಲ್ಲ ‘ನಾನು ಕಪ್ಪು’ ಅಂತ ನೆನಪಾಗುತ್ತಿದ್ದು, ಆ ಪದದ ಜೊತೆ ಒಂದು ನಗು, ಒಂದು ಹಾಡು, ಒಬ್ಬ ಅಜ್ಜಿ ಇಲ್ಲದೇ ಹೋದರೆ ಮಗುವಿಗೆ ಉಳಿಯುವುದು ಚುಚ್ಚಿದ ನೋವು ಮಾತ್ರ. ಈಗ ನಿಮ್ಮ ಮಗಳು ಅಲ್ಲಿದ್ದಾಳೆ.

ಆ ಅಜ್ಜಿ, ಆ ಹಾಡು ಎಲ್ಲಿ ಸಿಗುತ್ತದೆ? ಪುಸ್ತಕ ಓದಿಸಿ, ಮ್ಯೂಸಿಯಂ ತೋರಿಸಿ, ಬೇಡ ಅನ್ನಲ್ಲ. ಆದರೆ ನನಗೆ ಜಡೆ ಅಂಗಡಿಯ ಮೇಲೆ ಜಾಸ್ತಿ ನಂಬಿಕೆ.

ನೀವು ಒಳಗೆ ಹೋಗಿಲ್ಲ, ಆದ್ದರಿಂದ ಹೇಳುತ್ತೇನೆ. ಮಗುವನ್ನು ಎತ್ತರದ ಕುರ್ಚಿಯಲ್ಲಿ ದಿಂಬಿನ ಮೇಲೆ ಕೂರಿಸುತ್ತಾರೆ. ಬಾಲದ ಬಾಚಣಿಗೆಯ ತುದಿಯಿಂದ ಗೆರೆ ಎಳೆದ ಹಾಗೆ ಬೈತಲೆ ತೆಗೆಯುತ್ತಾರೆ. ಒಂದೊಂದು ಸಾಲಿಗೂ ಬೆರಳ ತುದಿಯಲ್ಲಿ ಎಣ್ಣೆಮುಲಾಮು. ನಮ್ಮ ಜಡೆ ಮೂರು ಕಾಲಿನದು, ಐದು ನಿಮಿಷಕ್ಕೆ ಮುಗಿಯುತ್ತದೆ. ಇಲ್ಲಿ ಸಣ್ಣ ಸಣ್ಣ ಜಡೆಗಳು, ನಾಲ್ಕೈದು ಗಂಟೆ ಹಿಡಿಯಬಹುದು. ಕೈ ಸೋತರೆ ಇನ್ನೊಬ್ಬಾಕೆ ಬಂದು ಇನ್ನೊಂದು ಕಡೆಯಿಂದ ಶುರು ಮಾಡುತ್ತಾಳೆ. ಟೀವಿ ಸುಮ್ನೆ ಓಡುತ್ತಿರುತ್ತದೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ನರ್ಸ್, ಅದರಾಚೆ ಕಾಲೇಜು ಹುಡುಗಿ, ಬಾಗಿಲ ಬಳಿ ಮೊಮ್ಮಗಳನ್ನು ಕರೆತಂದ ಅಜ್ಜಿ. ಬಾಡಿಗೆ, ಗಂಡ, ಚುನಾವಣೆ, ಮಂಡಿನೋವು, ಎಲ್ಲದರ ಮಾತು. ಯಾರೂ ನಿಮ್ಮ ಮಗಳಿಗೆ ಗುರುತಿನ ಪಾಠ ಮಾಡುವುದಿಲ್ಲ. ಅವಳು ಕನ್ನಡಿಯಲ್ಲಿ ತನ್ನ ಹಿಂದೆ ಹತ್ತು ತಲೆಗಳನ್ನು ನೋಡುತ್ತಾಳೆ, ಎಲ್ಲವೂ ಅವಳದೇ ಥರದ ಕೂದಲು. ಅಲ್ಲಿ ಅದು ಸಮಸ್ಯೆ ಅಲ್ಲ, ಕೆಲಸ. ಅದನ್ನು ಮಾಡಲು ಗೊತ್ತಿರುವ ಕೈಗಳೂ ಇವೆ.

ಆ ಕೂದಲಿನ ಮೇಲೆ ಈ ದೇಶದಲ್ಲಿ ಎಷ್ಟು ಜಗಳ ನಡೆದಿದೆ ಅಂದರೆ, ಜಡೆ ಹಾಕಿಕೊಂಡಿದ್ದಕ್ಕೆ ಕೆಲಸದಿಂದ, ಶಾಲೆಯಿಂದ ಹೊರಗೆ ಕಳಿಸಬಾರದು ಅಂತ ಕಾನೂನೇ ಬೇಕಾಯಿತು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಮೊದಲು ಮಾಡಿತು, ಕ್ರೌನ್ ಆಕ್ಟ್ ಅಂತ ಹೆಸರು. ನಿಮ್ಮ ಮಗಳ ಹಟದ ಹಿಂದೆ ಇಷ್ಟೆಲ್ಲ ಇದೆ, ಅವಳಿಗೇ ಗೊತ್ತಿಲ್ಲದೆ.

ಗಂಡಸರ ಕ್ಷೌರದಂಗಡಿಯ ಕತೆಯೂ ಹೀಗೇ. ಲಾಸ್ ಏಂಜಲಿಸ್‌ನಲ್ಲಿ ಡಾ. ರೊನಾಲ್ಡ್ ವಿಕ್ಟರ್ ಅನ್ನುವ ಹೃದ್ರೋಗ ತಜ್ಞರು ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. 52 ಕ್ಷೌರದಂಗಡಿಗಳು, ಬಿಪಿ ಜಾಸ್ತಿ ಇದ್ದ 319 ಕಪ್ಪು ಗಿರಾಕಿಗಳು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ‘ಡಾಕ್ಟರ ಹತ್ತಿರ ಹೋಗಿ, ಉಪ್ಪು ಕಮ್ಮಿ ಮಾಡಿ’ ಅಂತ ಹೇಳುತ್ತಿದ್ದರು. ಉಳಿದ ಅಂಗಡಿಗಳಿಗೆ ತರಬೇತಿ ಪಡೆದ ಫಾರ್ಮಸಿಸ್ಟ್‌ಗಳೇ ಬಂದು, ಅಲ್ಲೇ ಬಿಪಿ ನೋಡಿ, ಔಷಧಿ ಬರೆದುಕೊಟ್ಟರು. ಆರು ತಿಂಗಳಲ್ಲಿ ಮೊದಲ ಗುಂಪಿನವರ ಮೇಲಿನ ಬಿಪಿ ಸರಾಸರಿ 9 ಅಂಕ ಇಳಿಯಿತು, ಎರಡನೆಯವರದು 27. ಬಿಪಿ 130/80ಕ್ಕಿಂತ ಕೆಳಗೆ ಬಂದವರು ಒಂದು ಕಡೆ ನೂರಕ್ಕೆ 12, ಇನ್ನೊಂದು ಕಡೆ 64.  ಎರಡನೆಯ ಗುಂಪಿಗೆ ಚಿಕಿತ್ಸೆಯೇ ಕುರ್ಚಿಯ ಹತ್ತಿರ ಬಂತು. ವರ್ಷಗಟ್ಟಲೆ ಅದೇ ಕುರ್ಚಿ, ಅದೇ ಕೈ, ಅದೇ ಹರಟೆ ಇರುವ ಕಡೆ ಗಂಡಸರು ತೋಳು ಚಾಚಿದರು. ಅಂದಹಾಗೆ ನಿಮ್ಮ ಯಜಮಾನರು ಎಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಾರೆ, ಎಷ್ಟು ದೂರ ಡ್ರೈವ್ ಮಾಡಿ ಹೋಗುತ್ತಾರೆ, ಕೇಳಿ ನೋಡಿ.

ಇನ್ನು ಚರ್ಚಿನ ವಿಷಯ. ನಮಗೆ ಚರ್ಚು ಅಂದರೆ ಒಂದು ಮತ. ಕಪ್ಪು ಅಮೆರಿಕನ್ನರಿಗೆ ಅದು ಮತವೂ ಹೌದು, ಸಂಘವೂ ಹೌದು, ಛತ್ರವೂ ಹೌದು, ಬ್ಯಾಂಕೂ ಶಾಲೆಯೂ ಆಗಿತ್ತು. ಅದರ ಒಂದು ದೊಡ್ಡ ಕವಲು ಶುರುವಾಗಿದ್ದು ಹೇಗೆ ಗೊತ್ತಾ? 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಅಲೆನ್, ಅಬ್ಸಲಂ ಜೋನ್ಸ್ ಅನ್ನುವ ಇಬ್ಬರು ಸೇರಿ ಕಷ್ಟಕ್ಕಾಗುವ ಒಂದು ಸಂಘ ಕಟ್ಟಿದರು. ವಿಧವೆಯರಿಗೆ, ಕಾಯಿಲೆ ಬಿದ್ದವರಿಗೆ ಕೈಲಾದಷ್ಟು ಕೊಡುವ ಚಂದಾ ಸಂಘ. ಅವರು ಹೋಗುತ್ತಿದ್ದ, ಬಿಳಿಯರು ನಡೆಸುತ್ತಿದ್ದ ಚರ್ಚಿನಲ್ಲಿ ಪ್ರಾರ್ಥನೆಗೆ ಮಂಡಿಯೂರಿದ್ದ ಕಪ್ಪು ಜನರನ್ನು ಎಬ್ಬಿಸಿ ಎಳೆದರು. ಪ್ರಾರ್ಥನೆ ಮುಗಿಯಲಿ ಅಂದರೂ ಬಿಡಲಿಲ್ಲ. ಅವರೆಲ್ಲ ಎದ್ದು ಹೊರಗೆ ಬಂದರು. ಅಲೆನ್ ಒಂದು ಹಳೇ ಕಮ್ಮಾರಸಾಲೆ ಕೊಂಡು, ಕುದುರೆ ಕಟ್ಟಿ ಎಳೆಸಿ ತಂದು ತಮ್ಮ ಜಾಗದಲ್ಲಿ ನಿಲ್ಲಿಸಿದರು. 1794ರಲ್ಲಿ ಅದು ಬೆತೆಲ್ ಚರ್ಚ್ ಆಯಿತು. ಅದೇ ಜಾಗದಲ್ಲಿ ಈಗಲೂ ಚರ್ಚಿದೆ.

ನಾವು ಕನ್ನಡಿಗರು ಇಲ್ಲಿ ಸೇರುವುದು ಊರು ನೆನಪಾಗಿ. ಅವರು ಸೇರಿದ್ದು ಮಂಡಿಯೂರಿದ ಕಡೆಯಿಂದ ಎಬ್ಬಿಸಿದ್ದಕ್ಕೆ. ಆದ್ದರಿಂದ ‘ಅವರು ಯಾಕೆ ಬೇರೆ ಕೂರುತ್ತಾರೆ’ ಅನ್ನುವ ಪ್ರಶ್ನೆ ಕೇಳಿದಾಗ ನಿಮ್ಮ ಅತ್ತೆಯ ಮುಖ ಯಾಕೆ ಗಂಟಾಗುತ್ತದೆ ಅಂತ ಅರ್ಥ ಮಾಡಿಕೊಳ್ಳಿ. ಈ ಜಾಗಗಳು ಕೋಟೆಯೂ ಅಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚಿಗೆ ಬಾಂಬ್ ಇಟ್ಟು ನಾಲ್ಕು ಹುಡುಗಿಯರನ್ನು ಕೊಂದರು. 2015ರಲ್ಲಿ ಚಾರ್ಲ್‌ಸ್ಟನ್‌ನ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಜನರನ್ನು ಗುಂಡಿಟ್ಟು ಕೊಂದರು. ಕಾನೂನಿನ ದಾರಿಯಲ್ಲೂ ಮುಚ್ಚುತ್ತಾರೆ. ಯೂಟಾ ರಾಜ್ಯದ ಹೊಸ ಕಾನೂನು ಬಂದ ಮೇಲೆ 2024ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ತನ್ನ ಬ್ಲ್ಯಾಕ್ ಕಲ್ಚರಲ್ ಸೆಂಟರನ್ನು ಮುಚ್ಚಿತು. ಕಾನೂನು ಮಾಡಿದವರ ವಾದ ಹೆಚ್ಚುಕಮ್ಮಿ ನಿಮ್ಮದೇ, ಎಲ್ಲರೂ ಒಟ್ಟಿಗಿರಲಿ ಅಂತ. ನಿಮ್ಮ ಮನಸ್ಸಿನಲ್ಲಿ ಕೇಡಿಲ್ಲ, ನನಗೆ ಗೊತ್ತು. ಆದರೆ ಒಂದೇ ಮಾತನ್ನು ಯಾರು ಯಾರು ಆಡುತ್ತಿದ್ದಾರೆ ನೋಡಿಕೊಳ್ಳುವುದು ಒಳ್ಳೆಯದು.

ನಿಮ್ಮ ಕನ್ನಡದ ಪಾಲಿನ ಚಿಂತೆಗೆ ಬರುತ್ತೇನೆ. ನಿಮಗಿಂತ ಮುಂಚೆ ಈ ದಾರಿಯಲ್ಲಿ ನಡೆದ ಒಬ್ಬ ತಾಯಿ ಇದ್ದರು. ಮದ್ರಾಸಿನಲ್ಲಿ ಹುಟ್ಟಿ 1958ರಲ್ಲಿ ಬರ್ಕ್ಲಿಗೆ ಓದಲು ಬಂದ ಶ್ಯಾಮಲಾ ಗೋಪಾಲನ್. ಸ್ತನ ಕ್ಯಾನ್ಸರಿನ ಸಂಶೋಧಕಿ, ಜಮೈಕಾದ ಕಪ್ಪು ವಿದ್ವಾಂಸರನ್ನು ಮದುವೆಯಾಗಿ ಆಮೇಲೆ ಬೇರೆಯಾದವರು. ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರೇ ಬೆಳೆಸಿದರು. ಈ ದೇಶ ನನ್ನ ಮಕ್ಕಳನ್ನು ನೋಡುವುದು ಕಪ್ಪು ಹುಡುಗಿಯರಾಗಿಯೇ ಅಂತ ಆಕೆಗೆ ಸ್ಪಷ್ಟವಾಗಿ ಗೊತ್ತಿತ್ತು. ಬರ್ಕ್ಲಿಯಲ್ಲಿ 1971ರಲ್ಲಿ ರೇನ್‌ಬೋ ಸೈನ್ ಅಂತ ಕಪ್ಪು ಜನರ ಒಂದು ಸಾಂಸ್ಕೃತಿಕ ಕೇಂದ್ರ ಶುರುವಾಯಿತು. ಮೇರಿ ಆ್ಯನ್ ಪೊಲಾರ್ ಅನ್ನುವವರು ಕಟ್ಟಿದ್ದು. ಊಟ, ಸಂಗೀತ, ಚಿತ್ರಪ್ರದರ್ಶನ, ಭಾಷಣ ಎಲ್ಲ ಒಂದೇ ಸೂರಿನಡಿ. ಗಾಯಕಿ ನೀನಾ ಸಿಮೋನ್, ಸಂಸದೆ ಶರ್ಲಿ ಚಿಸಂ ಅಂಥವರು ಬಂದುಹೋದ ಜಾಗ. ಗುರುವಾರ ಸಂಜೆ ಶ್ಯಾಮಲಾ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಓಕ್ಲೆಂಡಿನ ಕಪ್ಪು ಜನರ ಚರ್ಚಿನಲ್ಲಿ ಮಕ್ಕಳು ಹಾಡುತ್ತಿದ್ದರು. ದೇವಸ್ಥಾನಕ್ಕೂ ಹೋಗುತ್ತಿದ್ದರು. ಮನೆಯಲ್ಲಿ ಇಡ್ಲಿಯೂ ಇತ್ತು, ಚಿತ್ತಿ ಅಂತ ಕರೆಯಲು ತಮಿಳಿನ ಚಿಕ್ಕಮ್ಮಂದಿರೂ ಇದ್ದರು. ಹಿರಿಯ ಮಗಳು ಕಮಲಾ ಹ್ಯಾರಿಸ್ ಮುಂದೆ ಹೋವರ್ಡ್ ವಿಶ್ವವಿದ್ಯಾಲಯಕ್ಕೇ ಓದಲು ಹೋದರು. ರಾಜಕೀಯ ಪಕ್ಕಕ್ಕಿಡಿ, ಅವರಿಗೆ ಓಟು ಹಾಕಿದವರು ಹಾಕಿರಲಿ, ಬಿಟ್ಟವರು ಬಿಟ್ಟಿರಲಿ. ತಾಯಿಯ ಹೆಸರು ಆ ಮಗಳ ಬಾಯಲ್ಲಿ ಎಷ್ಟು ಸಲ ಬರುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ.

ಕನ್ನಡ ಹೋಗುವುದು ಜಡೆ ಅಂಗಡಿಯಿಂದಲ್ಲ. ‘ಪಾಪ’ ಅನ್ನುವ ಮನೆಗಳಿಂದ ಹೋಗುತ್ತದೆ. ತನ್ನನ್ನು ಕನಿಕರದಿಂದ ನೋಡುವವರ ಭಾಷೆಯನ್ನು ಯಾವ ಮಗುವೂ ಆಸೆಪಟ್ಟು ಕಲಿಯುವುದಿಲ್ಲ. ಅವತ್ತು ನೀವು ಆ ಮಾತಿಗೆ ಏನಂದಿರಿ ಅಂತ ಪತ್ರದಲ್ಲಿ ಬರೆದಿಲ್ಲ. ಸುಮ್ಮನಿದ್ದಿರಿ ಅಂತ ನನ್ನ ಊಹೆ. ನಾನೂ ಎಷ್ಟೋ ಸಲ ಸುಮ್ಮನಿದ್ದೇನೆ. ಈಗಲೂ ತಡವಾಗಿಲ್ಲ. ‘ಅವತ್ತು ಅವರು ಹಾಗಂದಿದ್ದು ತಪ್ಪು. ನಾನು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ’ ಅಂತ ಮಗಳಿಗೆ ಕನ್ನಡದಲ್ಲೇ ಹೇಳಿ.

ನೀವು ಶಿರಸಿಯವರು, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಗಳನ್ನು ನೋಡಿಯೇ ಬೆಳೆದಿರುತ್ತೀರಿ. ಆಫ್ರಿಕಾದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು, ತಲೆಮಾರುಗಳಿಂದ ನಮ್ಮವರು, ಕನ್ನಡ ಕೊಂಕಣಿ ಆಡುವವರು. ಆದರೂ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ‘ಯಾವ ದೇಶದವರು’ ಅನ್ನುವ ಪ್ರಶ್ನೆ ಅವರಿಗೆ ತಪ್ಪಿದ್ದಲ್ಲ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ಡಮಾಮಿ ಅನ್ನುವ ಡೋಲು ಬಡಿದಾಗ ಕುಣಿಯಲು ಮಾತ್ರ ಎಲ್ಲರೂ ಸಿದ್ದಿಗಳೇ. ಮಗಳನ್ನು ಮುಂದಿನ ಸಲ ಊರಿಗೆ ಕರೆದುಕೊಂಡು ಹೋದಾಗ ಆ ಕಡೆಗೂ ಹೋಗಿ ಬನ್ನಿ. ಪ್ರದರ್ಶನ ನೋಡಲು ಹೋದ ಹಾಗೆ ಬೇಡ, ಪರಿಚಯದವರ ಮನೆಗೆ ಹೋದ ಹಾಗೆ. ಕನ್ನಡ ಆಡುವ, ತನ್ನ ಹಾಗೇ ಕೂದಲಿರುವ ಜನ ಇದ್ದಾರೆ ಅನ್ನುವುದನ್ನು ಅವಳು ಕಣ್ಣಾರೆ ನೋಡಲಿ.

ನಿಮ್ಮ ಯಜಮಾನರ ಪಟ್ಟಿಗೆ ಪೂರ್ತಿ ಹೂಂ ಅಂತಲೂ ನಾನು ಅನ್ನುವುದಿಲ್ಲ. ಬಣ್ಣದ ಮೇಲುಕೀಳು ಕಪ್ಪು ಜನರ ಒಳಗೂ ಇದೆ. ತಿಳಿ ಬಣ್ಣದವರಿಗೆ ಮಣೆ, ಮಿಶ್ರ ಮಕ್ಕಳಿಗೆ ‘ನೀನು ಪೂರ್ತಿ ನಮ್ಮವಳಲ್ಲ’ ಅನ್ನುವ ಚುಚ್ಚು, ಎರಡೂ ಕೇಳಿಬರಬಹುದು. ಕೆಲವು ಚರ್ಚುಗಳು ಹೆಣ್ಣುಮಕ್ಕಳ ವಿಷಯದಲ್ಲಿ, ಸಲಿಂಗ ಪ್ರೀತಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಾಡಿಗೆ, ಊಟಕ್ಕೆ, ಅಜ್ಜಿಯ ಪಕ್ಕ ಕೂರಲು ಹೋಗುವುದು ಬೇರೆ, ದೀಕ್ಷಾಸ್ನಾನ ಬೇರೆ. ಆ ಗೆರೆ ಎಲ್ಲಿ ಅಂತ ನೀವಿಬ್ಬರೂ ಮೊದಲೇ ಕೂತು ಮಾತಾಡಿಕೊಳ್ಳಿ, ಅತ್ತೆಯ ಎದುರು ಬೇಡ. ಚರ್ಚು ಬೇಡವೇ ಬೇಡ ಅನ್ನಿಸಿದರೂ ಅಟ್ಲಾಂಟಾದಲ್ಲಿ ಜಾಗಕ್ಕೆ ಬರವಿಲ್ಲ. ಆಬರ್ನ್ ಅವೆನ್ಯೂದಲ್ಲಿ ಕಪ್ಪು ಜನರ ಇತಿಹಾಸಕ್ಕೆಂದೇ ಸಾರ್ವಜನಿಕ ಗ್ರಂಥಾಲಯವಿದೆ, 1994ರಲ್ಲಿ ಶುರುವಾಗಿದ್ದು, ಪುಕ್ಕಟೆ. ಸ್ಪೆಲ್ಮನ್, ಮೋರ್‌ಹೌಸ್ ಅನ್ನುವ ಕಪ್ಪು ಜನರ ಕಾಲೇಜುಗಳ ಹಳೇ ವಿದ್ಯಾರ್ಥಿಗಳ ಹಬ್ಬದ ದಿನ ಅವಳನ್ನು ಸುಮ್ನೆ ಆ ಬೀದಿಯಲ್ಲಿ ಓಡಾಡಿಸಿ. ಡಾಕ್ಟರು, ಬ್ಯಾಂಡಿನವರು, ಗಣಿತದ ಮೇಷ್ಟ್ರು, ಸಾವಿರಾರು ಜನ, ಎಲ್ಲರೂ ಕಪ್ಪು, ಯಾರೂ ಒಬ್ಬರ ಹಾಗೆ ಒಬ್ಬರಿಲ್ಲ. (ಮೋರ್‌ಹೌಸ್‌ಗೂ ನಮಗೂ ಒಂದು ಎಳೆ ಇದೆ. 1940ರಿಂದ 1967ರವರೆಗೆ ಅದರ ಅಧ್ಯಕ್ಷರಾಗಿದ್ದ, ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುರುವಿನಂತಿದ್ದ ಬೆಂಜಮಿನ್ ಮೇಸ್ 1937ರಲ್ಲಿ ವೈಎಂಸಿಎ ಸಮ್ಮೇಳನಕ್ಕೆ ಮೈಸೂರಿಗೆ ಬಂದಿದ್ದರು. ಅದೇ ಪ್ರವಾಸದಲ್ಲಿ ಗಾಂಧೀಜಿಯನ್ನೂ ಕಂಡರು.)

ಶಿಬಿರವನ್ನು ಈ ವರ್ಷವೇ ಸೇರಿಸಲೇಬೇಕು ಅಂತಿಲ್ಲ. ಒಮ್ಮೆಗೇ ಮೂರನ್ನೂ ಹೇರಿದರೆ ಇದು ಯಾವುದೋ ಚಿಕಿತ್ಸೆ ಅಂತ ಮಗುವಿಗೆ ಅನುಮಾನ ಬರುತ್ತದೆ. ಶನಿವಾರದಿಂದ ಶುರು ಮಾಡಿ. ಕೂದಲು ನೇರ ಮಾಡಿಸುವ ಹಟಕ್ಕೆ ‘ಆಗಲ್ಲ’ ಅನ್ನಬೇಡಿ, ‘ಮೊದಲು ಜಡೆ ಹಾಕಿಸೋಣ, ಆಮೇಲೆ ನೋಡೋಣ’ ಅನ್ನಿ.

ಕಾರಲ್ಲಿ ಕೂರಬೇಡಿ, ಒಳಗೆ ಹೋಗಿ. ಹಿಂದಿನ ರಾತ್ರಿ ಕೂದಲು ತೊಳೆದು, ಕಂಡೀಷನರ್ ಹಚ್ಚಿ, ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿರಿ. ನಮ್ಮ ಹಾಗೆ ಬುಡದಿಂದ ಎಳೆದರೆ ಮಗು ಕಿರುಚುತ್ತಾಳೆ. ಅಂಗಡಿಯಲ್ಲಿ ಮೊದಲ ದಿನ ನೀವು ಕಮ್ಮಿ ಮಾತಾಡಿ. ನನ್ನ ಗಂಡ ಕಪ್ಪು ಅಂತ ಪರಿಚಯ ಹೇಳಿಕೊಳ್ಳುವ ಅವಸರ ಬೇಡ, ಮಗಳನ್ನು ನೋಡಿದರೆ ಅವರಿಗೇ ಗೊತ್ತಾಗುತ್ತದೆ. ನಾಲ್ಕು ಕಣ್ಣು ನಿಮ್ಮ ಕಡೆ ತಿರುಗಬಹುದು, ತಿರುಗಲಿ. ರಾತ್ರಿ ಮಲಗುವಾಗ ತಲೆಗೆ ಏನು ಕಟ್ಟಬೇಕು, ಎಷ್ಟು ದಿನಕ್ಕೆ ಬಿಚ್ಚಬೇಕು ಅಂತ ಜಡೆ ಹಾಕುವಾಕೆಯನ್ನು ಕೇಳಿ ಬರೆದುಕೊಳ್ಳಿ. ಟಿಪ್ಸ್ ಕೊಡುವುದು ಮರೆಯಬೇಡಿ. ಮಗಳಿಗೆ ತಿನ್ನಲು ಏನಾದರೂ ಒಯ್ಯಿರಿ, ಐದು ಗಂಟೆ ಅಂದರೆ ಸುಮ್ನೆ ಅಲ್ಲ. ನಿಮಗೂ ಒಂದು ಡಬ್ಬಿ ಇರಲಿ.